ಸೊಗಡು

ಡಿಸೆಂಬರು. ಗುತ್ತಲು ರಸ್ತೆ. ಬೆಳಿಗ್ಗೆ ಆರೂಮುಕ್ಕಾಲು.
ಮಂಜು ಇನ್ನೂ ಲೈಟುಕಂಬದ ಸೊಂಟ ಬಿಟ್ಟಿರಲಿಲ್ಲ.
ಹಿಂದೆ ಮೂವತ್ತೆರಡು ಪೆಟ್ಟಿಗೆ ಅಚ್ಚುಬೆಲ್ಲ,
ಮುಂದೆ ಮಂಡ್ಯದ ಯಾರ್ಡು, ಮಧ್ಯೆ ನಾನು, ನಿಂಗರಾಜ,
ನನಗಿಂತ ಮುಂಚೆ ಎದ್ದಿದ್ದ ನನ್ನ ಅವಸರ.

ಆ ಮನುಷ್ಯ ಅಂಗೈ ಎತ್ತಿದ್ದ.
ತಡೆಯೋ ಕೈಯಲ್ಲ, ದಬಾಯಿಸೋ ಕೈಯಲ್ಲ.
ಮದುವೆ ಊಟದಲ್ಲಿ ಎರಡನೇ ಸಲ ಬಡಿಸೋಕೆ ಬಂದವನಿಗೆ
ಸಾಕು ಸಾಕು ಅಂತ ಎಲೆ ಮೇಲೆ ಹಿಡೀತೀವಲ್ಲ,
ಅಷ್ಟು ಸಂಕೋಚದ ಕೈ.
ಇನ್ನೊಂದರಲ್ಲಿ ಅವರೆಕಾಯಿ ಚೀಲ.

ನೋಡಿದೆ. ನೋಡಲಿಲ್ಲ ಅಂದರೆ
ನನ್ನ ಕಣ್ಣೇ ಎದ್ದು ಸಾಕ್ಷಿ ಹೇಳುತ್ತೆ.
ನೋಡೇ ಹಾರನ್ನು ಒತ್ತಿದೆ.
ನಮ್ಮ ಕಡೆ ಹಾರನ್ನೂ ಒಂದು ಭಾಷೆ:
'ಬಂದೆ' ಅನ್ನೋಕೂ ಅದೇ, 'ಸರಿಯೋ' ಅನ್ನೋಕೂ ಅದೇ,
'ನೀನ್ಯಾವ ಲೆಕ್ಕ' ಅನ್ನೋಕೂ ಅದೇ.
'ದಾಟಿಕೋ, ನಿಂತಿದೀನಿ' ಅನ್ನೋ ಮಾತು ಮಾತ್ರ
ಅದಕ್ಕೆ ಯಾರೂ ಕಲಿಸಿಲ್ಲ.

ಅವನು ಹಿಂದಕ್ಕೆ ನೆಗೆದ. ಬೀಳಲಿಲ್ಲ.
ಚೀಲ ಬಿತ್ತು.
ಎಡಗಡೆ ಹಿಂದಿನ ಚಕ್ರದ ಕೆಳಗೆ ಚಟಚಟ ಸದ್ದು,
ಒಲೆಗೆ ಹಸಿ ಪುಳ್ಳೆ ಒಡ್ಡಿದ ಹಾಗೆ.

ಕನ್ನಡಿಯಲ್ಲಿ ಕಂಡದ್ದು:
ಬಯ್ಯಲಿಲ್ಲ. ಕಲ್ಲು ಎತ್ತಲಿಲ್ಲ.
ಡಾಂಬರಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಜಜ್ಜಿದ್ದು ಬೇರೆ, ಗಟ್ಟಿಯಾದ್ದು ಬೇರೆ
ಆರಿಸುತ್ತಿದ್ದ.
ನಾನು ನಿಲ್ಲಿಸಲಿಲ್ಲ.
ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತಾ ಹೋದ,
ಹೋದಷ್ಟೂ ಹೋದ, ಪೂರ್ತಿ ಹೋಗಲಿಲ್ಲ.

ಯಾರ್ಡಿನಲ್ಲಿ ಹಮಾಲಿ ಬೋರಲಿಂಗ ಮೂಗರಳಿಸಿದ:
'ಏನ್ಲಾ, ಬೆಲ್ಲದ ಗಾಡೀಲಿ ಅವರೆ ಸೊಗಡು?'
ಟೈರು ತೊಳೆದೆ. ಎರಡು ಸಲ ತೊಳೆದೆ.

ಹಾಲಾದರೆ ಒಡೆಯುತ್ತೆ. ಐಸಾದರೆ ಕರಗುತ್ತೆ.
ಹೆರಿಗೆ ನೋವಿನವಳು ಕೂತಿದ್ದರೆ ಆ ಮಾತು ಬೇರೆ.
ಬೆಲ್ಲಕ್ಕೆ ಏನಪ್ಪಾ ಅವಸರ?

ಆಮೇಲಿಂದ ನಿಲ್ಲಿಸ್ತೀನಿ. ಒಳ್ಳೆಯವನಾಗಿ ಅಲ್ಲ,
ಅವನೇ ಇರಬಹುದು ಅಂತ.
ಒಮ್ಮೆ ಹೊಳಲು ಸರ್ಕಲ್ಲಲ್ಲಿ
ಟವೆಲ್ಲು ಹೊದ್ದ ಅಜ್ಜನಿಗೆ ನಿಲ್ಲಿಸಿ, ಕೈ ಬೀಸಿ, 'ಬನ್ನಿ ಬನ್ನಿ' ಅಂದರೆ
'ಹೋಗಪ್ಪ ನಿನ್ನ ದಾರೀಲಿ,
ನಾನು ದಾಟೋನಲ್ಲ, ಪಾಂಡವಪುರದ ಬಸ್ಸಿಗೆ ನಿಂತೋನು!'
ಹಿಂದಿನ ಕಾರಿನವನು ನನ್ನ ವಂಶವನ್ನೇ ನೆನೆದ.

ಇನ್ನೊಂದು ದಿನ ನೂರಡಿ ರಸ್ತೆ, ಇಸ್ಕೂಲು ಹುಡುಗಿ.
ನಿಂತೆ. ಅವಳು ಹೊರಡಲಿಲ್ಲ.
ಗಾಡಿ ನೋಡಲಿಲ್ಲ, ಚಕ್ರ ನೋಡಲಿಲ್ಲ,
ಗಾಜಿನೊಳಗಿನ ನನ್ನ ಮುಖವನ್ನೇ ನೋಡುತ್ತಿದ್ದಳು.
ನಿಂತ ಗಾಡಿಯನ್ನೂ ನಂಬದಷ್ಟು ತಿಳಿದಿದೆ,
ವಯಸ್ಸು ಇನ್ನೂ ಹತ್ತಿಲ್ಲ.
ಕೊನೆಗೆ ನಂಬಿ ಎರಡು ಹೆಜ್ಜೆ ಇಟ್ಟಳು.
ಆಗ ನನ್ನ ಬಲಗಡೆಯಿಂದ ಒಂದು ಬೈಕು,
ಗುಂಡು ಹೊಡೆದ ಹಾಗೆ.

ಏನೂ ಆಗಲಿಲ್ಲ. ಜಡೆಯ ರಿಬ್ಬನ್ನು ಅಲ್ಲಾಡಿತು, ಅಷ್ಟೇ.
ಸ್ಟೇರಿಂಗ್ ಹಿಡಿದ ಕೈ ಯಾರ್ಡಿನವರೆಗೂ ನಡುಗುತ್ತಿತ್ತು.
ಒಬ್ಬ ನಿಂತರೆ ಅರ್ಧ ರಸ್ತೆ ಮಾತ್ರ ನಿಲ್ಲುತ್ತೆ.
ಈಗ ಬಲಗೈಯನ್ನು ಕಿಟಕಿಯಿಂದ ಪೂರ್ತಿ ಹೊರಗೆ ಚಾಚಿ
ಅಂಗೈ ಬಿಚ್ಚಿ ಹಿಡೀತೀನಿ, ಹಿಂದಿನವರಿಗೆ.
ಹಿಡಿದಾಗಲೇ ಗೊತ್ತಾದದ್ದು
ಎಷ್ಟು ಬರಿದು ಅದು, ಬರಿ ಅಂಗೈ;
ಎದುರಿನವನು ಓದಿದರೆ ಮಾತು,
ಓದದಿದ್ದರೆ ಬರಿ ಮಾಂಸ.

ರಾತ್ರಿ ಮನೆ. ಜಗುಲಿಯಲ್ಲಿ ಚಂದ್ರಕಲಾ
ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು,
ಒಂದೊಂದು ಕಾಳೂ ಪುಳಕ್ಕನೆ ಪಾತ್ರೆಗೆ.
'ಮೂಸು ನೋಡು, ಈ ಸಲ ಏನು ಸೊಗಡು!'
ಸಿಪ್ಪೆ ಮೆತ್ತಿದ ಒದ್ದೆ ಅಂಗೈ
ನನ್ನ ಮುಖದ ಮುಂದೆ ಎತ್ತಿದಳು.

ಹೊಸಿಲಲ್ಲೇ ನಿಂತೆ.
ಒಂದು ಕಾಲು ಒಳಗೆ, ಒಂದು ಕಾಲು ಆಚೆ.
'ಯಾಕೆ, ನೆಗಡಿಯಾ?' ಅಂದಳು.