ದುಧನಿಯವನ ಕಲ್ಲು

ಕಾಜಿನ ಈಚಿಕಡಿ ನಾನು. ಆಚಿಕಡಿ ಗೊಂಬಿ.
ನಾ ಅವರಿಗೆ ಕಾಣಂಗಿಲ್ಲ; ಅವರು ನನಗ ಕಾಣತಾರ,
ಹನ್ನೆರಡು ಹುಡುಗ್ಯಾರು, ಒಬ್ಬ ಹುಡುಗ,
ಇಸ್ತ್ರಿ ಮುರಿಯದ ಬಿಳಿ ಏಪ್ರನ್.

ಗೊಂಬಿ ಯಾವ ದೇಶದ್ದೋ. ಮೂಗು ನೆಟ್ಟಗ, ಚರ್ಮ ಗುಲಾಬಿ.
ಕಂಪ್ರೆಸರ್ ಗುರ್ ಅಂದ್ರ ಎದಿ ಏರತದ, ಇಳೀತದ.
ಕಣ್ಣು ಪಿಳಿಕಸತದ. ಮುಂಗೈಯಾಗ ನಾಡಿ ಹೊಡಕೋತದ.
ಮಾತು ಮಾತ್ರ ಇಲ್ಲ. ಮಾತು ನಂದು.

ಮೂವತ್ತೊಂದು ವರ್ಷ ಸೋಲಾಪುರದ ಸಿವಿಲ್ ದವಾಖಾನ್ಯಾಗ ಆಯಾ ಇದ್ದೆ.
ನೆಲ ಒರಸಕೋತ, ಬೆಡ್‌ಪ್ಯಾನ್ ಹಿಡಕೋತ
ಯಾರು ಹೆಂಗ ನರಳತಾರ ಅಂಬೂದು ಬಾಯಿಪಾಠ.
ಅದಕ್ಕ ಕಾಂಬಳೆ ಸಿಸ್ಟರ್ ಕರದು ಈ ಮೈಕಿನ ಮುಂದ ಕೂಡ್ರಿಸ್ಯಾರ:
"ಮಹಾನಂದಾಬಾಯಿ, ಕಾಗದದಾಗ ಬರದದ್ದು ಬ್ಯಾಡ.
ಅಕ್ಕಲಕೋಟದ ಕಡಿಯವರು ಹೆಂಗ ಅಂತಾರ, ಹಂಗ ಅನ್ನು.
ಇವರಿಗೆ ತಿಳೀಬಾರದು. ತಿಳೀಲಾರದಾಗ ಏನು ಮಾಡತಾರ, ನೋಡೂಣು."

ಮೊದಲ ವಾರ ನಾಗಣಸೂರಿನ ಬಾಣಂತಿಯಾದೆ,
ಆಕಿ ಅಂದಂಗ: ಕಾಲಾಗ ಇರುವಿ ಹರದಾಡಿದಂಗ.
ಮರುವಾರ ಟೆಂಪೋ ಡ್ರೈವರ್: ತೆಲಿಯೊಳಗ ಮಗ್ಗ ಓಡತದ, ನಿಲ್ಲಸ್ರಿ.
ಎಲ್ಲಾ ಉದ್ರಿ ಮಾತು. ಒಂದೂ ನನ್ನವಲ್ಲ.
ಕೆಲವರು ಎದ್ದು ಮನಿಗೆ ಹೋದರು,
ಕೆಲವರು ಮಾತು ಇಲ್ಲೇ ಬಿಟ್ಟರು.

ಇವತ್ತು ದುಧನಿಯವ.
ಐವತ್ತೆಂಟು ವಯಸ್ಸು, ಸಕ್ಕರಿ ಬ್ಯಾನಿ, ಮೈತುಂಬ ಬೆವರು;
ಬೆವರಿಗೆ ಸಿಸ್ಟರ್ ಸ್ಪ್ರೇ ಬಾಟ್ಲಿಲೆ ನೀರು ಹೊಡದರು.
ನನ್ನ ದನಿ ಮೊದಲೇ ದಪ್ಪ; ಇನ್ನೀಟು ದಪ್ಪ ಮಾಡಿ ಅಂದೆ:
"ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ಯಾದ್ರೀ. ಕಲ್ಲು."

ಖಾಟಿನ ಹತ್ತರ ನಿಂತಾಕಿ ಸಾಯಲೀ ಮಾನೆ.
ಮರಾಠಿಯೊಳಗ ಅದು ಬಿಳಿ ಹೂವಿನ ಹೆಸರು.
ನಮ್ಮ ಮಾತಿನಾಗ ಕೂಗಿ ಕರದರ
ಪೇಷಂಟ್ ಸಲಾಯನ್ ಕಿತ್ತಕೊಂಡು ಓಡತಾನ.
ಆಕಿ ಬಗ್ಗಿ ಅಂದಳು: "ಕಳ್ಲ, ಕಳ್ಲ."
ತಿಳೀತು, ತಿಳೀತು.

ನನ್ನ ಕೈ ಮೈಕಿನ ಮ್ಯಾಲ ನಿಂತತು.

ಅವತ್ತೂ ಹಿಂಗೇ. ಡಾಕ್ಟರ್ ಅಂದ್ರ ಮೀಸಿ ಮೂಡದ ಹುಡುಗ,
ಲಾತೂರ ಕಡ್ಯಾಂವ, ಮೂರು ರಾತ್ರಿ ಮಲಗಿದ್ದಿಲ್ಲ.
ದುಧನಿಯವ ಕಲ್ಲು ಅಂದ. ಹುಡುಗ ಕಳ್ಲ ಅಂದ.
ಇಬ್ಬರೂ ಗೋಣು ಹಾಕಿದರು.
ಗ್ಯಾಸಿನ ಗುಳಿಗಿ ಕೊಟ್ಟು ಹುಡುಗ ಮುಂದಿನ ಖಾಟಿಗೆ ಹೋದ.
ನಾನು ಅಲ್ಲೇ ಬಕೀಟು ಹಿಡಕೊಂಡು ನಿಂತಿದ್ದೆ.
ನನಗ ಎರಡೂ ಮಾತು ಬರತಿದ್ದವು.
ಆಯಾಗಳು ನಡುವ ಬಾಯಿ ಹಾಕೂ ರೂಢಿಯಿದ್ದಿಲ್ಲ.
ಫಿನಾಯಿಲ್ ನೀರು ಹಿಂಡಿದೆ. ಬೆಳಗಾಗೂದರಾಗ ಖಾಟು ಖಾಲಿ.

ಮರಾಠಿಯೊಳಗ ಚುರುಕ್ ಅನ್ನೂ ನೋವಿಗೆ ಕಳ ಅಂತಾರ,
ತಿಳಿಯೂದಕ್ಕೂ ಅದೇ ಬೇರು.
ಕನ್ನಡದಾಗ ಕಳಿ ಅಂದ್ರ ಲೆಕ್ಕದಾಗಿಂದ ತಗಿ.
ನಡುವ ನನ್ನ ಬಕೀಟು.

ಸಿಸ್ಟರ್ ಬೆರಳು ಇಳಿಸಿದರು: ಇನ್ನ ಮುಳಗಲಿ.
ಪರದೆದ ಮ್ಯಾಲಿನ ಗೆರಿ ಸಣ್ಣಗಾತು.
ಇಲ್ಲಿಂದ ಮುಂದ ನನ್ನ ಕೆಲಸ ಸುಮ್ಮಕಿರೂದು.
ಅದು ನನಗ ಚೊಲೊ ಬರತದ.
ಹುಡುಗ್ಯಾರು ಎದಿ ಒತ್ತಿದರು, ಎಣಿಸಿದರು, ಎಣಿಕಿ ತಪ್ಪಿದರು.
ಹನ್ನೊಂದು ನಲವತ್ತಕ್ಕ ಗೊಂಬಿ ಸತ್ತತು.

ಅವರು ಕೈ ತೊಳಕೊಳ್ಳಾಕ ಹೋದರು.
ಸಿಸ್ಟರ್ ಕಾಗದದ ಮ್ಯಾಲ ಟಿಕ್ ಹಾಕಕೋತ ಕುಂತರು.
ಯಾರೋ ಸೋಲಾಪುರಿ ಚಾದರ ಮಾರಿತನಕ ಎಳದರು.
ಆಗ ನನಗ ಕೆಮ್ಮು ಬಂತು. ಮೈಕ್ ಬಂದ್ ಮಾಡಿದ್ದಿಲ್ಲ.
ಚಾದರದೊಳಗಿಂದ ಹೆಣ ಕೆಮ್ಮಿತು.

ಒಬ್ಬಾಕಿ ಚೀರಿದಳು. ಉಳದವರು ನಕ್ಕರು, ಸಿಸ್ಟರೂ ನಕ್ಕರು.
ಸಾಯಲೀ ಒಬ್ಬಾಕಿ, ಹಸಿ ಕೈಲೇ, ಹೊಳ್ಳಿ ಬಂದಳು.
ಚಾದರ ಸರಿಸಿ ಎದಿ ಮ್ಯಾಲ ಅಂಗೈ ಇಟ್ಟಳು,
ಭಾರ ತೋರಸಾಕ ಒಂದೀಟು ಒತ್ತಿದಳು.
"ಕಲ್ಲು?" ಅಂದಳು. ಮುಂದ ಕನ್ನಡ ಬರಲಿಲ್ಲ.
"ಕಲ್ಲು... ಇಥೆ?"

ಕಾಗದದಾಗ ಇದಕ್ಕ ಉತ್ತರ ಬರದಿಲ್ಲ.
ಮೈಕಿನ ಹತ್ತರ ಬಾಯಿ ತಂದೆ.
"ಹೂಂನವ್ವಾ," ಅಂದೆ, ಗಂಡಸಿನ ದನಿ ಮರತು,
"ಅಲ್ಲೇ."