ಇಪ್ಪತ್ತೊಂದನೆಯ ದಿನ

ಸಿದ್ದಾಪುರದಾಚೆ, ತೋಟದ ತೂಕದ ಕೊಟ್ಟಿಗೆಯಲ್ಲಿ
ಕಾಫಿ ಮೂಟೆಗಳ ನಡುವೆ ನನ್ನ ಮೇಜು.
ಮೇಜೆಂದರೆ ಹಳೆಯ ತಕ್ಕಡಿಯ ಹಲಗೆ;
ಮೇಲೆ ಸ್ಪಿರಿಟ್ಟು, ಹತ್ತಿ, ರಿಜಿಸ್ಟರು,
ಮಗಳ ಕಂಪಾಸು ಪೆಟ್ಟಿಗೆಯಿಂದ ತಂದ ಸ್ಕೇಲು.

ಮೂರು ವಾರದ ಹಿಂದೆ ಇಬ್ಬರ ಎಡ ಮುಂಗೈಗೂ
ಚರ್ಮದ ಪದರದೊಳಗೆ, ತೊಗರಿಕಾಳಿನಷ್ಟು ಉಬ್ಬುವಂತೆ,
ಸತ್ತ ರೋಗಾಣುಗಳ ಒಂದು ತೊಟ್ಟು ಕೊಟ್ಟಿದ್ದೆ.
"ಉಜ್ಜಬೇಡಿ" ಅಂದಿದ್ದೆ, ಅಷ್ಟೇ.
ಏನನ್ನು ಕಾಯಬೇಕೆಂದು ಹೇಳಿರಲಿಲ್ಲ.

ಪಾಲಿ ಸೆರಗಿನಡಿ ಕೈ ಬಚ್ಚಿಟ್ಟುಕೊಂಡೇ ಬಂದಳು.
ಸರಿಸಿದರೆ, ಹಣ್ಣಾದ ಕಾಳುಮೆಣಸಿನಂತೆ
ಕೆಂಪು ಗಂಟು. ಬೆರಳಾಡಿಸಿದೆ, ಗಟ್ಟಿ.
ಸ್ಕೇಲಿಟ್ಟೆ: ಏಳು ಮಿಲಿಮೀಟರು.
ಅವಳ ಕಣ್ಣು ತುಂಬಿತು.
"ನನಗೇ ಜಾಸ್ತಿಯಾ, ಅಕ್ಕಾ?"

ಅಣ್ಣ ಚುಬ್ರ ಹಿಂದೆ ನಿಂತು ನಗುತ್ತಿದ್ದ.
ತೋಳು ಚಾಚಿದ, ಗೆದ್ದವನ ಹಾಗೆ:
"ನೋಡಿ, ನಂದು ಏನೂ ಇಲ್ಲ."
ಏನೂ ಇರಲಿಲ್ಲ.
ಎಣ್ಣೆ ಸವರಿದಂತೆ ಹೊಳೆವ ನುಣುಪು ಚರ್ಮ;
ಸೂಜಿ ಹೊಕ್ಕ ಜಾಗವನ್ನೂ ನಾನು
ರಿಜಿಸ್ಟರು ನೋಡಿ ಹುಡುಕಬೇಕಾಯಿತು.

ಓದಿ ತಿಳಿದಿದ್ದೆ. ಹೇಳುವುದು ಹೇಗೆ,
ಉಬ್ಬಿದ್ದೇ ಒಳ್ಳೆಯದು, ಸುಮ್ಮನಿದ್ದದ್ದೇ ಕೆಟ್ಟದ್ದೆಂದು?

ಚುಬ್ರನ ಕೆಲಸ ರಾತ್ರಿ ಕಾವಲು.
ಮರದ ಮೇಲೊಂದು ಅಟ್ಟಣೆ, ಎಣ್ಣೆಡಬ್ಬ, ಕೋಲು.
ಅದನ್ನೇ ಹಿಡಿದೆ:
"ಆನೆ ಬೇಲಿ ದಾಟಿದರೆ ಏನು ಮಾಡ್ತೀಯ?"
"ಡಬ್ಬ ಬಡೀತೇನೆ."
"ತಂಗಿಯ ಚರ್ಮ ಬಡೀತು. ನಿಂದು ನಿದ್ದೆಹೋಗಿದೆ."

ನಗು ಒಮ್ಮೆಲೇ ಹೋಗಲಿಲ್ಲ, ತುಟಿಯಲ್ಲೇ ತಡೆದು ನಿಂತಿತು.
ಬೇರೆ ಯಾರದೋ ಎಂಬಂತೆ ತೋಳು ತಿರುಗಿಸಿ ನೋಡಿದ.
ಆಮೇಲೆ ಅಂದ:
"ಎಲ್ಲ ಸಲ ನಿದ್ದೆಯಲ್ಲ, ಮೇಡಂ.
ಕೆಲವು ಸಲ ಗೊತ್ತಾಗ್ತದೆ, ಬಂದಿದೆ ಅಂತ.
ಹಸಿದಿರ್ತದೆ. ಎರಡು ಹಲಸು ತಿಂದು ಹೋಗಲಿ ಅಂತ
ಕೋಲು ಕೆಳಗಿಡ್ತೇನೆ."

ನಾನು ಕಲಿತ ಪಾಠದಲ್ಲಿ ಇದಕ್ಕೆ ಮಾತಿರಲಿಲ್ಲ.
ಅವನ ಹೆಸರಿನೆದುರು ಸೊನ್ನೆ ಬರೆದೆ.
ಮೇಸ್ತ್ರಿ ಹೊರಗಿನಿಂದ ಕೂಗುತ್ತಿದ್ದ, ಹಲಗೆ ಬೇಕಂತೆ.
ಮಾತ್ರೆ ಎಣಿಸಿ ಕೊಟ್ಟೆ:
ಅವಳಿಗೆ ಆರು ತಿಂಗಳು, ಅವನಿಗೆ ಎರಡು ವರ್ಷ.

ಪಾಲಿ ಗಂಟನ್ನು ಮತ್ತೆ ಮುಟ್ಟಿ ನೋಡಿಕೊಂಡಳು,
ಈ ಸಲ ಸೆರಗು ಎಳೆಯದೆ.
"ಅಣ್ಣನಿಗೆ ನಂದು ಸ್ವಲ್ಪ ಕೊಡೋಕೆ ಆಗೋದಿಲ್ವಾ?"

ಆಗೋದಿಲ್ಲ ಅನ್ನುವಷ್ಟರಲ್ಲಿ ಇಬ್ಬರೂ
ಮೆಣಸು ಕೊಯ್ಯುವ ಏಣಿಗಳ ಸಂದಿಯಲ್ಲಿ ಇಳಿದಾಗಿತ್ತು,
ಮುಂದೆ ಅವಳು,
ಅವಳ ಹೆಜ್ಜೆ ನೋಡಿಕೊಂಡು ಅವನು.