ವೇಬ್ರಿಡ್ಜಿನ ಕಿಟಕಿ

ಮೆಕ್ಕೆಜೋಳದ ಲಾರಿ, ಇವತ್ತು ಹದಿನೇಳನೆಯದು.
ಗುಂಡಿ ಒತ್ತುತ್ತೇನೆ, ಚೀಟಿ ಹರಿಯುತ್ತೇನೆ,
ನೆಬ್ರಾಸ್ಕಾದ ಗಾಳಿ ಊರ ಹೊಟ್ಟನ್ನೆಲ್ಲ ತಂದು
ಕಿಟಕಿಗೆ ಬಡಿಯುತ್ತದೆ.
ಮೂಲೆಯ ಸ್ಟೂಲಿನಲ್ಲಿ ಲಿಬ್ಬಿ,
ಅಚ್ಚು ತಪ್ಪಿದ ಚೀಟಿಗಳ ಬೆನ್ನಿಗೆ
ಕಾಲೇಜುಗಳ ಪಟ್ಟಿ ಬರೆಯುತ್ತಿದ್ದಾಳೆ.

ವೊಂದ್ರಾಚೆಕ್ ಮೇಷ್ಟ್ರು ಹೇಳಿದರಂತೆ:
ತುದಿಗಾಲಲ್ಲಿ ನಿಂತರೂ ಎಟುಕದ್ದು ಎರಡು,
ಎಟುಕೀತು ಅನ್ನುವಂಥದ್ದು ನಾಲ್ಕು,
ಕಣ್ಣು ಮುಚ್ಚಿದರೂ ಸಿಗುವಂಥದ್ದು ಎರಡು.
ಎಟುಕದ್ದೇ ಆಗಲೇ ಒಂಬತ್ತಾಗಿದೆ.
ಎಲ್ಲವೂ ಸಮುದ್ರದ ಹತ್ತಿರ.
ಸಮುದ್ರವನ್ನು ಅವಳು ಕಂಡಿಲ್ಲ.

"ಒಂದೊಂದು ಅರ್ಜಿಗೂ ಎಪ್ಪತ್ತೈದು ಡಾಲರ್" ಅಂದೆ.
"ಮಾಫಿ ಕೇಳಿದೀನಿ" ಅಂದಳು, ತಲೆಯೆತ್ತದೆ.
ಲಾರಿಯೊಂದು ತಟ್ಟೆಗೇರಿತು, ನೆಲ ನಡುಗಿತು.
ಮುದುಕ ಓಲ್ಡ್ರಿಚ್‌ನದು. ಸದಾ ಹೆಚ್ಚು ಹೇರಿ ತರುತ್ತಾನೆ,
ಸದಾ ಬಯ್ಯುತ್ತೇನೆ, ಸದಾ ಬಿಡುತ್ತೇನೆ.

ಅವಳು ಕಾಫಿ ತರಲು ಹೋದಾಗ
ಚೀಟಿ ತಿರುವಿ ನೋಡಿದೆ.
ಕಟ್ಟಕಡೆಗೆ, ಪೆನ್ಸಿಲಿನಲ್ಲಿ, ಸಣ್ಣಗೆ:
ಕಾರ್ನಿ.

ಅಲ್ಲಿ ನಾನು ಹನ್ನೊಂದು ವಾರ ಓದಿದ್ದೆ,
ಅಪ್ಪನ ಕೈ ಯಂತ್ರಕ್ಕೆ ಸಿಕ್ಕ ವರ್ಷ.
ಹಾಸ್ಟೆಲಿನ ಹಿಂದೆ ನೀರಿತ್ತು,
ಬ್ರೆಡ್ಡೆಸೆದರೆ ಬಾತುಗಳು ಜಗಳವಾಡುತ್ತಿದ್ದವು.
ಇದನ್ನವಳಿಗೆ ಹೇಳಿದ ನೆನಪಿಲ್ಲ.
ಹೇಳಿದ್ದೆನೋ ಏನೋ, ಯಾವಾಗಲೋ,
ಜಡೆ ಹೆಣೆಯುತ್ತ.

ಪಟ್ಟಿಯನ್ನು ಇದ್ದ ಹಾಗೇ ಮಗುಚಿಟ್ಟೆ.

ಓಲ್ಡ್ರಿಚ್‌ನ ಲಾರಿ ಸುರಿದು ಬಂದು
ಮತ್ತೆ ತಟ್ಟೆಯ ಮೇಲೆ ನಿಂತಿದೆ, ಹಗುರಾಗಿ.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯಬೇಕು,
ಅಷ್ಟೇ ಲೆಕ್ಕ, ಇಪ್ಪತ್ತು ವರ್ಷದ್ದು.
ತಪ್ಪಾಯಿತು.
ಅವನು ಹಾರ್ನ್ ಒತ್ತಿದ.
ಇನ್ನೊಮ್ಮೆ ಕಳೆದೆ.